ದೊಡ್ಡವ್ವನ ಇಕ್ಕಳ ಮತ್ತು ಹಸಿ ಎಲುಬು

ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಬಲಗೈಯ ಇಕ್ಕಳದ ತುದಿಯಲ್ಲಿ ಕುರಿಯ ತೊಡೆಯ ಹಸಿ ಎಲುಬು. ಮೂಗಿಗೆ ಸೆರಗು ಒತ್ತಿ, ಮುಖ ಆಚೆ ತಿರುಗಿಸಿ, ತೋಳು ಚಾಚಿ ಹಿತ್ತಲಿಗೆ ನಡೆಯುತ್ತಿದ್ದ ಅಂದೋಲಾದ ನಮ್ಮ ದೊಡ್ಡವ್ವನನ್ನು ನೆನೆದರೆ ನನಗೆ ಈಗಲೂ ಮೊದಲು ಹೆದರಿಕೆ, ಆಮೇಲೆ ನಗು.

ಹಾಲು-ರೊಟ್ಟಿ ತಿಂದೇ ಬೆಳೆದ ನಮ್ಮ ನಾಯಿಯ ಹಲ್ಲು ಹಳದಿಗಟ್ಟಿ ಬಾಯಿ ನಾರುತ್ತಿತ್ತು. ಬೇಸರ ಬಂದರೆ ಚಪ್ಪಲಿಯಿಂದ ಹೊಸ್ತಿಲವರೆಗೆ ಕಡಿಯುತ್ತಿತ್ತು. ಮಾಂಸದಂಗಡಿಯ ಮುಂದಿನ ನಾಯಿಗಳ ಹಲ್ಲು ಮಾತ್ರ ಬೆಳ್ಳಗಿದ್ದುದನ್ನು ಕಂಡ ದಿನವೇ ದೊಡ್ಡವ್ವ ಅಂಗಡಿಯ ಚಾಚಾನಿಗೆ ಹೇಳಿಕಳಿಸಿದಳು. ಎಲುಬು ನಾಯಿಯ ಬಾಯಿಗಿಂತ ದೊಡ್ಡದಿರಬೇಕು, ಹಸಿಯದೇ ಆಗಬೇಕು. ಬೇಯಿಸಿದ್ದು ಸೀಳಿ ಗಂಟಲಿಗೆ ಚುಚ್ಚುತ್ತದೆ. ನಾಯಿ ಕಡಿಯುವಷ್ಟು ಹೊತ್ತೂ ಕಾವಲು ಕೂತು, ಎಲುಬು ಸಣ್ಣದಾದೊಡನೆ ಬಿಡಿಸಿಕೊಂಡು ಹೂಳುತ್ತಿದ್ದಳು. ಇಕ್ಕಳವನ್ನು ಬೂದಿಯಲ್ಲಿ ತಿಕ್ಕಿ, ತಾನು ಜಳಕ ಮಾಡಿಯೇ ಪೂಜೆಗೆ ಕೂಡುತ್ತಿದ್ದಳು. ಓಣಿಯ ಹೆಂಗಸರು ಮೂಗು ಮುರಿದರೆ ಅವರಿಗೆ ನಾಯಿಯ ಬೆಳ್ಳಗಾದ ಹಲ್ಲು ತೋರಿಸುತ್ತಿದ್ದಳು.

ನನ್ನನ್ನು ನೋಡಲು ನಿಂಬರ್ಗಾದಿಂದ ಗಂಡಿನವರು ಬಂದರು. ಬಲು ಆಚಾರದ ಮನೆ. ಕಿಟಕಿಯಿಂದಲೇ ನಾನು ಹುಡುಗನನ್ನು ಒಪ್ಪಿಬಿಟ್ಟಿದ್ದರಿಂದ ಚಿಂತೆ ಇಮ್ಮಡಿಯಾಗಿತ್ತು. ಚಹಾ ಚೆಲ್ಲುವುದು, ಸೆರಗು ಜಾರುವುದು, ಹೆಸರು ಕೇಳಿದರೆ ಅದೇ ಮರೆಯುವುದು, ಎಲ್ಲ ಅನಾಹುತವನ್ನೂ ಮುಂಚಿತವಾಗಿ ಊಹಿಸಿದ್ದೆ. ನಾಯಿ ದೊಡ್ಡವ್ವನ ಕಾವಲು ತಪ್ಪಿಸಿ ಹಿತ್ತಲಿಂದ ಓಡಿಬಂದು ಹುಡುಗನ ತಂದೆಯ ಪಾದದ ಬಳಿ ಎಲುಬು ಇಡುವುದನ್ನು ಮಾತ್ರ ಊಹಿಸಿರಲಿಲ್ಲ.

ಅಪ್ಪ ಬೆವರೊರೆಸಿಕೊಂಡು, ಎಲ್ಲೋ ಬೀದಿಯಿಂದ ಕಚ್ಚಿಕೊಂಡು ಬಂದಿರಬೇಕು ಎಂದ. ದೊಡ್ಡವ್ವ ಬಾಗಿಲಿಗೆ ಬಂದು ನಿಂತಳು.

"ಬೀದೀದಲ್ರಿ. ನಾನೇ ಕೊಟ್ಟೀನಿ. ಲಿಂಗ ಕಟ್ಟಿದ್ದು ನಮಗ್ರಿ, ನಾಯಿಗಲ್ಲ."

ಹುಡುಗನ ತಂದೆ ಎಲುಬನ್ನೇ ನೋಡುತ್ತ ಕೂತರು. ಒಳಗೆ ನಾನು ಕನ್ಯೆಯಾಗಿಯೇ ಮುದುಕಿಯಾಗಿದ್ದೆ. ಕೊನೆಗೆ ಅವರು ಕೆಮ್ಮಿ, "ನಮ್ಮ ನಾಯಿ ಬಾಯೂ ಭಾಳ ನಾರ್ತದ್ರಿ ಅವ್ವಾರ. ಹಸೀದೇ ಕೊಡ್ತೀರೇನು?" ಎಂದರು. ದೊಡ್ಡವ್ವ ನಾಯಿಯ ತುಟಿ ಎತ್ತಿ ದವಡೆಹಲ್ಲು ತೋರಿಸತೊಡಗಿದಳು. ಬಂದವರಿಗೆಂದು ಮಾಡಿದ್ದ ಚುರುಮುರಿ ಸುಸಲಾ ಆರಿಹೋಯಿತು. ನನ್ನನ್ನು ಏನನ್ನೂ ಕೇಳುವುದೇ ಎಲ್ಲರಿಗೂ ಮರೆತುಹೋಯಿತು. ಮದುವೆ ಆಯಿತು.

ದೊಡ್ಡವ್ವ ತೀರಿಕೊಂಡ ಸುದ್ದಿ ಬಂದಾಗ ಮಾವನವರೂ ನನ್ನ ಜೊತೆ ಹೊರಟರು. ಬಸ್ಸು ಜೇವರ್ಗಿ ದಾಟಿತು. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು:

"ಅವತ್ತ ನಿಮ್ಮಪ್ಪ ಬೀದೀದು ಅಂದಾಗ ನಾ ಎದ್ದು ಹೋಗಾಕ ಕೈ ಊರಿದ್ದೆವ್ವಾ. ಆಕಿ ಖರೇ ಹೇಳಿದ್ಲು, ಕೂತೆ."