ಕರೆಂಟಿನ ಮೇಲೆ ಹಾಕಿದ ತಪ್ಪು

ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಐದು ಜನ, ಆರು ಕಂಪ್ಯೂಟರು. ಆರನೆಯದು ಯಾರದೂ ಅಲ್ಲ, ಪರೀಕ್ಷೆಯದು. ಸುತ್ತಲಿನ ಹಳ್ಳಿಗಳವರು ತಮ್ಮ ದನಗಳ ಲಸಿಕೆಗೆ ಹೆಸರು ಹಚ್ಚುವ ಒಂದು ವೆಬ್‌ಸೈಟನ್ನು ನಾವು ಮಾಡುತ್ತಿದ್ದೆವು. ಈ ಆರನೆಯ ಕಂಪ್ಯೂಟರು ದಿನಕ್ಕೆ ನಾಲ್ಕು ಸಲ ತಾನೇ ಬ್ರೌಸರ್ ತೆರೆದು, ಒಮ್ಮೆ ಚಚಡಿಯ ರೈತನಾಗಿ, ಒಮ್ಮೆ ಹೂಲಿಯ ರೈತನಾಗಿ ಫಾರ್ಮ್ ತುಂಬಿ, ಬಟನ್ ಒತ್ತಿ, ‘ನಿಮ್ಮ ಹೆಸರು ಹಚ್ಚಲಾಗಿದೆ’ ಎಂಬ ಮಾತು ಬರುತ್ತದೋ ಇಲ್ಲವೋ ಎಂದು ನೋಡುತ್ತಿತ್ತು. ಬಂದರೆ ಹಸಿರು ಸಾಲು, ಬರದಿದ್ದರೆ ಕೆಂಪು.

ಆ ಪರೀಕ್ಷೆಗಳನ್ನೆಲ್ಲ ಬರೆದವರು ದೊಡವಾಡದಿಂದ ದಿನಾಲು ಬಸ್ಸಿಗೆ ಬರುವ, ನನಗಿಂತ ಹಿರಿಯರಾದ ಸಹೋದ್ಯೋಗಿ. ಎಲ್ಲರೂ ಅವರನ್ನು ‘ಅಕ್ಕಾರ’ ಎನ್ನುತ್ತಿದ್ದೆವು. ವರ್ಷದ ಮೇಲಿನ ಕೆಲಸ ಅದು. ತೊಂದರೆಯೆಂದರೆ, ದಿನಕ್ಕೆ ಒಂದಾದರೂ ಕೆಂಪು ಸಾಲು ಬರುತ್ತಿತ್ತು. ಅದರ ಕೆಳಗೆ ‘ಮಾತು ಕಾಣಲಿಲ್ಲ’ ಎಂದಷ್ಟೇ ಇರುತ್ತಿತ್ತು. ಯಾಕೆ ಕಾಣಲಿಲ್ಲ ಎಂಬುದು ಇರುತ್ತಿರಲಿಲ್ಲ. ಮತ್ತೊಮ್ಮೆ ಓಡಿಸಿದರೆ ಹಸಿರು. ನಮ್ಮಲ್ಲಿ ಕರೆಂಟು ಹೋಗಿ ಬರುವುದು ಇದ್ದದ್ದೇ. ಹಾಗಾಗಿ ಕಂಪ್ಯೂಟರಿನ ಪಕ್ಕದ ನೋಟ್‌ಬುಕ್ಕಿನಲ್ಲಿ, ಪ್ರತಿ ಕೆಂಪು ಸಾಲಿನ ಎದುರು ಯಾರಾದರೊಬ್ಬರು ‘ಕರೆಂಟ್’ ಎಂದು ಬರೆದು ಚಹಾಕ್ಕೆ ಇಳಿಯುತ್ತಿದ್ದರು.

ನಾನು ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದವನು. ದೇವರನ್ನು ನಂಬುವುದಿಲ್ಲ, ಪೇಪರಿನ ಸುದ್ದಿಯನ್ನು ನಂಬುವುದಿಲ್ಲ, ಕರೆಂಟನ್ನು ಮಾತ್ರ ನಂಬಿಬಿಟ್ಟಿದ್ದೆ. ನೋಟ್‌ಬುಕ್ಕಿನಲ್ಲಿ ‘ಕರೆಂಟ್’ ಎಂದು ಬರೆಯುತ್ತಿದ್ದವರು ಉಳಿದವರು ಎಂದು ನನ್ನ ನೆನಪು ಹೇಳುತ್ತದೆ. ಮೊನ್ನೆ ಆ ನೋಟ್‌ಬುಕ್ಕು ತೆಗೆದು ನೋಡಿದೆ. ಅರ್ಧಕ್ಕಿಂತ ಹೆಚ್ಚು ಅಕ್ಷರ ನನ್ನವೇ.

ಒಂದು ದಿನ ಆಫೀಸಿನ ಯಜಮಾನರು ಕೆಂಪು ಸಾಲು ನೋಡಿ ತಾಳ್ಮೆಗೆಟ್ಟರು.

“ಅಕ್ಕಾರ, ನಿಮ್ಮ ಪರೀಕ್ಷಾ ಸುಳ್ಳು ಹೇಳತಾವ್ರಿ. ಸೋಮವಾರದಿಂದ ಬಂದ್ ಮಾಡೂಣು. ನೀವು ಫೋನ್ ತಗೊಳ್ಳೂ ಕೆಲಸಾ ನೋಡ್ರಿ.”

ಯಜಮಾನರು ಹೋದ ಮೇಲೆ ಅಕ್ಕಾರ ನನ್ನ ಕಡೆ ತಿರುಗಿದರು. “ತಮ್ಮಾ, ಸುಳ್ಳು ಹೇಳಾಕ ಅವಕ್ಕ ಬಾಯಿ ಎಲ್ಲೈತಿ? ನಮ್ಮೂರಾಗ ಆಕಳು ಮೇವು ಬಿಟ್ರ, ಡಾಕ್ಟರ್ ಕಡೆ ಬರೇ ಸುದ್ದಿ ತಗೊಂಡು ಹೋಗೂದಿಲ್ಲ. ಎಲಿಯಾಗ ಸಗಣಿನೂ ಕಟಗೊಂಡು ಹೋಗತೇವಿ. ಇಲ್ಲಿ ನೋಡು, ‘ಮೇವು ತಿನವಲ್ದು’ ಅಂತ ಅಷ್ಟ ಐತಿ. ಡಾಕ್ಟರ್ ಏನ್ ಮಾಡ್ಯಾನು?”

ಇದನ್ನು ಅವರು, ಕೆಂಪು ಸಾಲಿನ ಕಾರಣ ತೋರಿಸುವ ಕೆಲಸವನ್ನು ನಾನು ಶುರುಮಾಡಿದ ಮೇಲೆ ಹೇಳಿದರೆಂದು ಎಷ್ಟೋ ಜನರ ಮುಂದೆ ಹೇಳಿದ್ದೇನೆ, ಉಪಾಯ ನನ್ನದೇ ಎಂಬಂತೆ. ಆದರೆ ಕಂಪ್ಯೂಟರು ನಾವು ಮಾಡಿದ ಪ್ರತಿ ಬದಲಾವಣೆಯನ್ನೂ ನೆನಪಿಟ್ಟಿರುತ್ತದೆ. ಆ ಕೆಲಸದ ಮೊದಲ ಬದಲಾವಣೆಗೆ ನಾನೇ ಬರೆದ ಟಿಪ್ಪಣಿ ಈಗಲೂ ಇದೆ: ‘ಅಕ್ಕಾರ ಹೇಳಿದಂತೆ, ಸಗಣಿ ಸಮೇತ.’

ಸಗಣಿ ಇದ್ದದ್ದು ಸರ್ವರಿನ ಲಾಗ್‌ನಲ್ಲಿ. ನಮ್ಮ ವೆಬ್‌ಸೈಟು ಎಲ್ಲಿ ಎಡವಿದರೂ ಅಲ್ಲೊಂದು ಸಾಲು ಬರೆದಿಡುತ್ತದೆ. ಸಾವಿರಾರು ಸಾಲುಗಳ ಆ ಕಡತವನ್ನು ಯಾರೂ ತೆರೆಯುತ್ತಿರಲಿಲ್ಲ. ನಾನು ಪ್ರತಿ ಪರೀಕ್ಷೆಗೂ ಒಂದು ಗುರುತು ಕೊಟ್ಟೆ. ಸರ್ವರಿಗೆ ಹೋಗುವ ಪ್ರತಿ ಕೋರಿಕೆಯ ಜೊತೆ ಆ ಗುರುತೂ ಹೋಗುವಂತೆ, ಲಾಗ್‌ನಲ್ಲಿ ಅದೂ ಬೀಳುವಂತೆ ಮಾಡಿದೆ. ಪರೀಕ್ಷೆ ಕೆಂಪಾದರೆ, ಅದೇ ಗುರುತಿನ ಸಾಲುಗಳನ್ನು ಮಾತ್ರ ಎತ್ತಿ ಕೆಂಪು ಸಾಲಿನ ಕೆಳಗೇ ಅಚ್ಚು ಹಾಕಬೇಕು. ಬ್ರೌಸರ್ ಗೊಣಗಿದ್ದೂ ಅದರ ಕೆಳಗೆ. ಎರಡು ದಿನ ಹಿಡಿಯಿತು. ಮೂರೂ ಇರಬಹುದು.

ಶನಿವಾರ ಮುಂಜಾನೆ ಯಜಮಾನರು ಬಂದು ಹಿಂದೆ ನಿಂತರು. ಓಡಿಸಿದೆವು. ಎಲ್ಲ ಹಸಿರು. ಮತ್ತೊಮ್ಮೆ ಓಡಿಸಿದೆವು. ಹಸಿರು.

“ದಿನಾ ಬೀಳತಿತ್ತು, ಇವತ್ತ ಬೀಳವಲ್ದಲ್ಲ!” ಎಂದು ಅಕ್ಕಾರ ಕೈ ಹಿಸುಕಿಕೊಂಡರು.

“ನಾನು ಬಂದೇನಂತ ಹೆದರೇತ್ರಿ ಅದು,” ಎಂದರು ಯಜಮಾನರು.

ಐದನೆಯ ಸಲ ಬಿತ್ತು. ಕೆಂಪು ಸಾಲಿನ ಕೆಳಗೆ ಮೊದಲ ಸಲ ಕಾರಣ ಕಂಡಿತು: ‘ಬಿಲ್ಲೆಯ ಸಂಖ್ಯೆಗೆ ಹನ್ನೆರಡು ಅಂಕಿ ಬೇಕು, ಹನ್ನೊಂದು ಬಂದಿವೆ.’ ಅದರ ಕೆಳಗೆ ಕಡತದ ಹೆಸರು, ಸಾಲಿನ ಸಂಖ್ಯೆ.

ದನದ ಕಿವಿಗೆ ಹಾಕುವ ಹಳದಿ ಬಿಲ್ಲೆಯ ಮಾತು ಅದು. ಅಕ್ಕಾರ ಬರೆದ ಪರೀಕ್ಷೆ ಫಾರ್ಮ್ ತುಂಬುವಾಗ ಪ್ರತಿ ಸಲ ಹೊಸ ಬಿಲ್ಲೆಯ ಸಂಖ್ಯೆ ಹುಟ್ಟಿಸುತ್ತಿತ್ತು. ಅದು ಸೊನ್ನೆಯಿಂದ ಶುರುವಾದಾಗ ಮಾತ್ರ ನಮ್ಮ ವೆಬ್‌ಸೈಟು ಸೊನ್ನೆ ನುಂಗಿ, ಒಂದಂಕಿ ಕಡಿಮೆಯಾಯಿತೆಂದು ಎಡವುತ್ತಿತ್ತು. ಹಾಗೇ ಊರಿಗೆ ಬಿಟ್ಟಿದ್ದರೆ, ಸೊನ್ನೆಯ ಬಿಲ್ಲೆಯ ದನ ಯಾವುದಕ್ಕೂ ಲಸಿಕೆಯ ಪಾಳಿ ಸಿಗುತ್ತಿರಲಿಲ್ಲ.

“ಈ ಕಡತಾ ಬರದವ್ರು ಯಾರ್ರಿ?” ಯಜಮಾನರು ಕೇಳಿದರು.

ನನ್ನದೇ ಕಡತ. ಬಾಯಿ ತೆರೆಯುವಷ್ಟರಲ್ಲಿ ಅಕ್ಕಾರ ಗಂಭೀರವಾಗಿ, “ಅದನ್ನೂ ಕರೆಂಟ್ ಬರದೈತ್ರಿ,” ಎಂದರು.

ನಗು ಕೆಳಗಿನ ಗೊಬ್ಬರದಂಗಡಿಗೂ ಕೇಳಿಸಿರಬೇಕು. ಯಜಮಾನರು ನಗಲಿಲ್ಲ. ಅಕ್ಕಾರನ್ನೇ ನೋಡುತ್ತ ನಿಂತು, “ಸುಳ್ಳು ಹೇಳತಾವ ಅಂದಿದ್ದೆ. ತಪ್ಪಾತ್ರಿ ಅಕ್ಕಾರ,” ಎಂದರು. ಸೋಮವಾರ ಫೋನಿನ ಕೆಲಸಕ್ಕೆ ಬೇರೆಯವರನ್ನು ಹುಡುಕಿದರು.

ನಾನು ಬರೆದ ಪ್ರೋಗ್ರಾಂ ಮೊದಲು ಹಿಡಿದದ್ದು ನನ್ನದೇ ತಪ್ಪನ್ನು. ಪದವಿ ಬಂದ ದಿನಕ್ಕಿಂತ ಹೆಚ್ಚು ಹೆಮ್ಮೆ ನನಗೆ ಆ ಶನಿವಾರದ್ದು. ಆ ದಿನ ಶನಿವಾರವೇ ಎಂದು ಲಾಗ್ ನೋಡಿ ಖಾತ್ರಿ ಮಾಡಿಕೊಂಡೇ ಬರೆಯುತ್ತಿದ್ದೇನೆ. ಈಗಲೂ ನಮ್ಮಲ್ಲಿ ಯಾರಾದರೂ ‘ನಡೀವಲ್ದು’ ಎಂದು ಬಂದರೆ, ಅಕ್ಕಾರ ತಲೆ ಎತ್ತದೆ ಕೇಳುತ್ತಾರೆ: “ಸಗಣಿ ಎಲ್ಲೈತಿ?”