ಎಲ್ಲರೂ ಹೆಣ್ಣಾಳೇ ಅಂದ್ಕೊಂಡು ಹಾಕಿದ ಲೆಕ್ಕ

ಪುಟ್ಟನಂಜಮ್ಮನ ಕೂಲಿ ದುಡ್ಡಿನಲ್ಲಿ ಎಂಟು ಸಾವಿರ ಇನ್ನೂ ಮೇಸ್ತ್ರಿ ಮುರುಗೇಶನ ಹತ್ತಿರವೇ ಇದೆ.

ತಾಳವಾಡಿ ಸುತ್ತಿನ ಕೋಸು, ಆಲೂಗೆಡ್ಡೆ ಹೊಲಗಳಿಗೆ ಆಳು ಒದಗಿಸುವವನು ಅವನು. ಹಸು ಕೊಳ್ಳಬೇಕು ಅಂತ ಮೂರು ವರ್ಷ ಕೂಡಿಟ್ಟ ಮೂವತ್ತು ಸಾವಿರವನ್ನು ಅವಳು ಬಡ್ಡಿಗೆ ಬಿಡಲು ಅವನ ಕೈಗೇ ಕೊಟ್ಟಿದ್ದಳು. ಒಂದಷ್ಟನ್ನು ಅವನು ಗೊಬ್ಬರದಂಗಡಿಯವನಿಗೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿಗೆ ಬಿಟ್ಟ, ಉಳಿದದ್ದನ್ನು ಕೋಸಿನ ವ್ಯಾಪಾರಿಗೆ ಎರಡು ರೂಪಾಯಿ ಬಡ್ಡಿಗೆ. ಯಾರಿಗೆ ಎಷ್ಟು ಅಂತ ಇವಳು ಕೇಳಲಿಲ್ಲ. ಮೇಸ್ತ್ರಿಯನ್ನು ಲೆಕ್ಕ ಕೇಳಿದರೆ ನಾಳೆ ಕೂಲಿಗೆ ಹೋಗುವ ಗಾಡಿ ಹತ್ತಿಸುವುದಿಲ್ಲ. ಏಳು ತಿಂಗಳು, ತಿಂಗಳಿಗೆ ನಾನೂರಿಪ್ಪತ್ತು ಬಂತು.

ಆಮೇಲೆ ಕೋಸಿನ ವ್ಯಾಪಾರಿ ಊರು ಬಿಟ್ಟ.

ಗೆಟ್ಟವಾಡಿಯ ಹೊಲದ ಬದುವಿನಲ್ಲಿ ಮುರುಗೇಶ ನೋಟು ನೀಡಿದ. "ಓಡೋದ್ನಲ್ಲಕ್ಕ, ಅವನ ತಾವೇ ಇಪ್ಪತ್ತು ಸಾವ್ರ ಇತ್ತು. ಗೊಬ್ರದಂಗ್ಡಿಯೋನ್ ತಾವಿದ್ದ ಈ ಅತ್ತು ಸಾವ್ರ ಮಡಿಕ್ಕೊ."

ಅವಳಿಗೆ ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ಕೈ ಒರೆಸಿಕೊಂಡು ಎಣಿಸಿದಳು. ಬುತ್ತಿ ಬಿಚ್ಚಿದಳು. ತುತ್ತು ಇಳಿಯಿತು, ರುಚಿ ಗೊತ್ತಾಗಲಿಲ್ಲ.

ಇಡೀ ಗುಂಪಿನ ಕೂಲಿಯನ್ನು ಮೇಸ್ತ್ರಿ ಒಟ್ಟಿಗೆ ಅವಳ ಕೈಗೆ ಹಾಕುವುದು ವಾಡಿಕೆ. ಹೆಣ್ಣಾಳಿಗೆ ಮುನ್ನೂರೈವತ್ತು, ಗಂಡಾಳಿಗೆ ಆರುನೂರು. ಹತ್ತಾಳಿಗೆ ನಾಲ್ಕು ಸಾವಿರದ ಇನ್ನೂರೈವತ್ತು ಕೊಟ್ಟರೆ, ಅದರಲ್ಲಿ ಎಷ್ಟು ಗಂಡಾಳಿನ ಕೂಲಿ ಇದೆ ಅಂತ ನೋಡಲು ಅವಳು ಮೊದಲು ಎಲ್ಲರನ್ನೂ ಹೆಣ್ಣಾಳೇ ಅಂದುಕೊಳ್ಳುತ್ತಾಳೆ. ಮೂರೂವರೆ ಸಾವಿರ. ಮಿಕ್ಕ ಏಳುನೂರೈವತ್ತನ್ನು ತಲೆಗೆ ಇನ್ನೂರೈವತ್ತರಂತೆ ಮುರಿದರೆ ಮೂವರು ಗಂಡಸರು.

ಉಣ್ಣುತ್ತಲೇ ಎಡಗೈ ಬೆರಳು ತಾನಾಗಿ ಗೆಣ್ಣು ಎಣಿಸತೊಡಗಿತು. ಮುರುಗೇಶ ಇನ್ನೂ ಅಲ್ಲೇ ಬೀಡಿ ಸೇದುತ್ತಿದ್ದ.

"ಮುರುಗೇಶ, ಎಲ್ಲಾ ದುಡ್ಡೂ ಎಣ್ಣಾಳು ಅನ್ಕೊಳ್ಳಪ್ಪ. ಒಂದ್ರೂಪಾಯಿ ಬಡ್ಡಿ. ಮುನ್ನೂರಾಯ್ತು. ನೀ ಕೊಟ್ಟಿದ್ದು ನಾನೂರಿಪ್ಪತ್ತು. ಮಿಕ್ಕಿದ್ ನೂರಿಪ್ಪತ್ತು ಗಂಡಾಳಿಂದು. ನೂರಕ್ಕೊಂದ್ರೂಪಾಯಿ ಎಚ್ಚಿಗೆ ಅಂದ್ರೆ, ಓಡೋದೋನ್ ತಾವಿದ್ದದ್ದು ಅನ್ನೆರಡೇ ಸಾವ್ರ. ನಂಗೆ ಅದ್ನೆಂಟು ಬರ್ಬೇಕು."

"ಅಕ್ಕ ಬ್ಯಾಂಕ್ ಮ್ಯಾನೇಜರ್ ಆಗ್ಬುಟ್ಲು ಕಣ್ರಪ್ಪೋ!" ಅಂದ ಮುರುಗೇಶ. ಆಳುಗಳು ನಕ್ಕರು.

"ಇಪ್ಪತ್ತೇ ಇದ್ದಿದ್ರೆ ತಿಂಗ್ಳಿಗೆ ಐನೂರು ಬರ್ಬೇಕಿತ್ತು. ಆ ಎಂಬತ್ತ ಯಾರ್ ತಿಂದ್ರು?"

ಮುರುಗೇಶ ಬೈಕ್ ಹತ್ತಿದ.

ಸಂಜೆ ಮಗಳು ಪರಿಮಳ ಎಕ್ಸ್, ವೈ ಇಟ್ಟು ಎರಡು ಸಮೀಕರಣ ಬರೆದಳು. ಎಕ್ಸ್ ಹದಿನೆಂಟು ಸಾವಿರ, ವೈ ಹನ್ನೆರಡು ಸಾವಿರ. "ಸರಿಯಾಗೇ ಅದೆ ಕಣವ್ವಾ!" ಅಂತ ಕುಣಿದಳು. ಪುಟ್ಟನಂಜಮ್ಮ "ಊಂ" ಅಂದು ಒಲೆಗೆ ಸೌದೆ ತಳ್ಳಿದಳು.

ಮರುದಿನ ಗಾಡಿ ಅವಳನ್ನು ಬಿಟ್ಟು ಹೋಯಿತು. ಅದರ ಮರುದಿನವೂ.

ಹೊಲದ ಯಜಮಾನರೇ, ಮುರುಗೇಶನಿಗೆ ಫೋನ್ ಮಾಡಿ ಆಳು ತರಿಸುವವರು ನೀವೇ. ಮುಂದಿನ ಕಟಾವಿಗೆ ಅವನ ಕಮಿಷನ್ನಿನಲ್ಲಿ ಎಂಟು ಸಾವಿರ ಹಿಡಿದು ಅವಳ ಕೈಗೆ ಕೊಡಿ. ಕೊಟ್ಟ ಮೇಲೆ ಬೇಕಾದರೆ ಅಯ್ಯೋ ಅನ್ನಿ.