ಸರೋಜಕ್ಕನ ಗುಲಾಬಿ ಗಿಡ

ಮನುಷ್ಯ ಬಿಟ್ಟುಹೋಗುವ ಆಸ್ತಿಗಳಲ್ಲಿ ಜೀವವಿರುವ ಆಸ್ತಿಯೇ ಎಲ್ಲಕ್ಕಿಂತ ಭಾರ. ಇದು ದೀರ್ಘ ಚಿಂತನೆಯಿಂದ ಹೊಳೆದ ಸತ್ಯವೇನೂ ಅಲ್ಲ. ಪದ್ಮತ್ತೆಯ ಎರಡು ಗುಲಾಬಿ ಗಿಡಗಳನ್ನು ಬೇರಿನ ಮಣ್ಣಿನ ಸಮೇತ ಆಟೋದಿಂದ ಇಳಿಸುವಾಗ ನನ್ನ ಸೊಂಟ ಹಿಡಿದುಕೊಂಡಿತು, ಅಷ್ಟೆ. ಬೇಲೂರಿನ ಹೊಸ ಬಡಾವಣೆಯ ನಮ್ಮ ಅಂಗಳದಲ್ಲಿ ಅವನ್ನು ನೆಟ್ಟು, ಅತ್ತೆ ಹಾಕುತ್ತಿದ್ದ ಹಾಗೆಯೇ ಕಾಫಿ ಚರಟ ನೆನೆಸಿದ ನೀರನ್ನು ಬುಡಕ್ಕೆ ಸುರಿದೆ. ಆ ಹಳಸಲು ಕಾಫಿಯ, ಒದ್ದೆ ಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಅರವತ್ತು ದಾಟಿದ ನಾನು ಚೊಂಬು ಹಿಡಿದ ಒಂಬತ್ತು ವರ್ಷದವನಾಗಿ ಅತ್ತೆಯ ಹಿತ್ತಲಲ್ಲಿ ನಿಂತಿದ್ದೆ.

ಆ ಹಿತ್ತಲು ಈಗ ಇಲ್ಲ, ಮನೆಯೂ ಇಲ್ಲ. ದೇವಸ್ಥಾನ ನೋಡಲು ಬರುವವರು ಅಲ್ಲಿ ಕಾರು ನಿಲ್ಲಿಸುತ್ತಾರೆ. ನಿಮ್ಮ ಬಾಲ್ಯದ ಹಿತ್ತಲೂ ಹೀಗೆಯೇ ಯಾರದೋ ಕಾರಿನ ಕೆಳಗೆ ಇದ್ದೀತು. ಪದ್ಮತ್ತೆ ನಮ್ಮಪ್ಪನ ತಂಗಿ. ಮಾವ ಬಿಕ್ಕೋಡಿನ ಕಡೆಯ ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರು. ಮಕ್ಕಳಿಲ್ಲದ ಆ ಮನೆಯಲ್ಲಿದ್ದುಕೊಂಡು ನಾನೂ ಅಕ್ಕ ಸರೋಜಳೂ ಸ್ಕೂಲಿಗೆ ಹೋದೆವು. ಮಾವ ಒಮ್ಮೆ ಎಸ್ಟೇಟಿನ ಬಂಗಲೆಯಿಂದ ಮೂರು ಕಸಿ ಗುಲಾಬಿ ಗಿಡಗಳನ್ನು ಜೀಪಿನಲ್ಲಿ ತಂದರು. ಕರಿಗೆಂಪು ಹೂ, ಒಂದು ಅರಳಿದರೆ ಅಡಿಗೆಮನೆಯ ಒಗ್ಗರಣೆಯ ಘಾಟೂ ಸೋಲುತ್ತಿತ್ತು. ಅತ್ತೆ ಅವಕ್ಕೆ ನಾಮಕರಣ ಮಾಡಿದಳು: ಒಂದು ಮಾವನದು, ಒಂದು ಅಕ್ಕನದು, ಒಂದು ನನ್ನದು. ತಮಾಷೆಯಲ್ಲ. ನನಗೆ ಜ್ವರ ಬಂದರೆ ಡಾಕ್ಟರಿಗೆ ಹೇಳಿಕಳಿಸುವ ಮೊದಲು ನನ್ನ ಗಿಡದ ಎಲೆ ಮಗುಚಿ ನೋಡುತ್ತಿದ್ದಳು. ಅಕ್ಕ ಊಟ ಬಿಟ್ಟು ಮುನಿಸಿಕೊಂಡ ದಿನ "ಇವತ್ತು ನಿನ್ನ ಗಿಡಕ್ಕೂ ಉಪವಾಸ ಕಣೇ" ಎನ್ನುವಳು. ಅಕ್ಕ ಅಳುತ್ತಾ ಬಂದು ತಟ್ಟೆಯ ಮುಂದೆ ಕೂರುವಳು.

ಮಾವ ತೀರಿಕೊಂಡ ಸೂತಕದ ದಿನಗಳಲ್ಲಿ ಹಿತ್ತಲಿಗೆ ಯಾರೂ ಹೋಗಲಿಲ್ಲ. ಮೂರು ಗಿಡಕ್ಕೂ ನೀರಿರಲಿಲ್ಲ. ಒಣಗಿದ್ದು ಒಂದೇ, ಮಾವನದು. ಪುರೋಹಿತರು ಅದರ ಕಡ್ಡಿಯೊಂದನ್ನು ಲಟಕ್ಕನೆ ಮುರಿದು ನೋಡಿದರು. ಏನಾದರೂ ಹೇಳುವರೇನೋ ಎಂದು ಎಲ್ಲರೂ ಉಸಿರು ಬಿಗಿಹಿಡಿದು ಕಾದೆವು; ಅವರು ಕಾಫಿ ಕೇಳಿದರು. ಆಮೇಲಿನ ವರ್ಷಗಳಲ್ಲಿ ನಾನು ಬೆಳಿಗ್ಗೆ ಎದ್ದವನೇ ಹಿತ್ತಲ ಬಾಗಿಲಲ್ಲಿ ನಿಂತು ನನ್ನ ಗಿಡವನ್ನು ಎಣಿಸುತ್ತಿದ್ದೆ. ಇದ್ದ ಒಂದನ್ನು ಎಣಿಸುವುದೇನು ಎಂದು ಕೇಳಬೇಡಿ. ಇನ್ನೂ ಇದ್ದೇನೆಯೇ ಎಂದು ನೋಡಿಕೊಳ್ಳುವುದು.

ಅತ್ತೆಯೂ ತೀರಿಕೊಂಡ ಮೇಲೆ ಮನೆ ಮಾರಿದಾಗ ಉಳಿದೆರಡು ಗಿಡಗಳೂ ನನ್ನ ಪಾಲಿಗೆ ಬಂದವು. ಅರಸೀಕೆರೆಯಲ್ಲಿದ್ದ ಅಕ್ಕನ ಮನೆಗೆ ಅಂಗಳವಿರಲಿಲ್ಲ. ಅದೇ ಹೊತ್ತಿಗೆ ಅವಳ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿ, ಹಾಸನದ ಆಸ್ಪತ್ರೆಗೆ ಓಡಾಟ ಶುರುವಾಯಿತು. ಪ್ರತಿ ಸಂಜೆ ಫೋನು ಮಾಡುವಳು. "ನನ್ನ ಗಿಡ ಹೇಗಿದೆಯೋ?" ತನ್ನ ವಿಷಯ ಆಮೇಲೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು! "ಇದನ್ನೆಲ್ಲ ನಂಬ್ತೀಯೇನಕ್ಕ?" ಎಂದರೆ, "ನಂಬಲ್ಲಪ್ಪ. ಹೇಗಿದೆ ಹೇಳು" ಎನ್ನುವಳು.

ಮಳೆಗಾಲ ಮುಗಿದ ಮೇಲೆ ಗುಲಾಬಿಯನ್ನು ಸವರಬೇಕೆಂದು ಎಲ್ಲೋ ಓದಿದೆ. ಜೀವಮಾನದಲ್ಲಿ ಕಡತ ಬಿಟ್ಟು ಬೇರೇನನ್ನೂ ಸಾಕದ ಗುಮಾಸ್ತ ನಾನು. ನನ್ನ ಗಿಡದ ಮೇಲೆ ಕತ್ತರಿ ಆಡಿಸಲು ಧೈರ್ಯ ಬರಲಿಲ್ಲ. ಅಭ್ಯಾಸಕ್ಕೆ ಅಕ್ಕನದಿರಲಿ ಎಂದುಕೊಂಡೆ. ಅದರ ಹಳೆಯ ಕಾಂಡ ಕಪ್ಪಗೆ, ಗಂಟುಗಂಟಾಗಿ, ಎಲೆಯಿಲ್ಲದೆ ನಿಂತಿತ್ತು. ಬುಡದಿಂದ ಮಾತ್ರ ಒಂದು ಹಸಿರು ಚಿಗುರು ಮೊಣಕಾಲೆತ್ತರ ಎದ್ದಿತ್ತು. ಇದಕ್ಕಿಂತ ಶುಭಸೂಚನೆ ಬೇಕೇ? ಕಾಂಡವನ್ನು ಬುಡಕ್ಕೇ ಕತ್ತರಿಸಿ, ಅತ್ತೆಯ ಕ್ರಮದಂತೆ ಗಾಯಕ್ಕೆ ಸಗಣಿ ಮೆತ್ತಿ, ಆಪರೇಷನ್ ಸುಸೂತ್ರವಾಯಿತೆಂದು ಅಕ್ಕನಿಗೆ ಫೋನು ಮಾಡಿದೆ. ಚಿಗುರು ವಾರಕ್ಕೊಂದು ಗೇಣು ಬೆಳೆಯಿತು. ಕಾಂಪೌಂಡಿನಾಚೆ ಕೈ ಚಾಚಿತು. ನನಗೇ ಭಯವಾಗುವಷ್ಟು ಮುಳ್ಳು, ಒಂದು ಮೊಗ್ಗಿಲ್ಲ. ಬೀದಿಯಲ್ಲಿ ಹೂ ಮಾರುವ ಗೌರಮ್ಮ ಒಂದು ದಿನ ಬುಟ್ಟಿ ಇಳಿಸಿ ನಿಂತಳು.

"ಇದೇನ್ ಸ್ವಾಮಿ, ಬೇಲಿ ಗುಲಾಬಿ ಸಾಕ್ಕೊಂಡಿದ್ದೀರಾ?"

"ಎಸ್ಟೇಟಿನ ಗಿಡ ಗೌರಮ್ಮ, ನಮ್ಮತ್ತೆ ಕಾಲದ್ದು."

"ಎಸ್ಟೇಟಿಂದು ಎಲ್ಲೈತೆ? ಕಸಿ ಕಟ್ಟಿದ್ದು ಮೇಲ್ಗಡೆ. ಅದನ್ನ ಕಡ್ದು ಎಸ್ದು, ಬುಡದ ಕಾಡುಬೇರಿಗೆ ಅನ್ನ ಇಕ್ಕಿದ್ದೀರಿ."

"ಮತ್ತೆ ಚಿಗುರೋದಿಲ್ವಾ?"

"ತಲೆ ಕಡುದ್ಮೇಲೆ ಇನ್ನೇನ್ ಬತ್ತದೆ ಬುಡಿ."

ಮರುದಿನವೇ ಹಾಸನಕ್ಕೆ ಹೋಗಿ, ನರ್ಸರಿಯಿಂದ ಅದೇ ಕರಿಗೆಂಪು ಹೂವಿನ ಗಿಡ ತಂದು, ಕಾಡುಬೇರನ್ನು ಕಿತ್ತು, ಅದೇ ಗುಂಡಿಯಲ್ಲಿ ನೆಟ್ಟೆ. ವಿಧಿಯ ಕಚೇರಿಗೆ ಸುಳ್ಳು ದಾಖಲೆ ಸಲ್ಲಿಸಿದ ಮೊದಲ ಗುಮಾಸ್ತ ನಾನೇ ಇರಬೇಕು. ಸಂಜೆ ಫೋನಿನಲ್ಲಿ "ಚೆನ್ನಾಗಿದೆ ಅಕ್ಕ, ಹೂ ಬಿಟ್ಟಿದೆ" ಎಂದೆ. ಆ ಕಡೆ ಅವಳು ಬಹಳ ದಿನಗಳ ಮೇಲೆ ಗಟ್ಟಿಯಾಗಿ ನಕ್ಕಳು.

ಯುಗಾದಿ ಕಳೆದ ಮೇಲೆ ಅವಳ ಆಪರೇಷನ್ನಿಗೆ ದಿನ ಗೊತ್ತಾಯಿತು. ಅದಕ್ಕೆ ಮುಂಚೆ ಗಿಡ ನೋಡಬೇಕೆಂದು ಬಸ್ಸಿನಲ್ಲಿ ಬಂದೇಬಿಟ್ಟಳು. ಸೀರೆಯೊಳಗೆ ಮೈಯೇ ಇರಲಿಲ್ಲ. ಸವರದೆ ಬಿಟ್ಟ ನನ್ನ ಗಿಡದಲ್ಲಿ ಆಗ ಬರೀ ಎಲೆ. ತನ್ನ ಗಿಡದ ಮುಂದೆ ಮಣೆ ಹಾಕಿಸಿಕೊಂಡು ಕೂತು, ಹೂವೊಂದನ್ನು ಎರಡೂ ಕೈಯಲ್ಲಿ ಬಾಗಿಸಿ ಮೂಸಿದಳು. ಮತ್ತೆ ಮೂಸಿದಳು. ನರ್ಸರಿಯ ಹೂವಿಗೆ ಪರಿಮಳವೇ ಇಲ್ಲವೆಂಬುದು ನನಗೆ ಆ ಗಳಿಗೆಯವರೆಗೂ ಹೊಳೆದಿರಲಿಲ್ಲ.

"ನನಗೇನೂ ಗೊತ್ತಾಗ್ತಿಲ್ಲ ಕಣೋ," ಎಂದಳು. "ಮಾತ್ರೆ ನುಂಗಿ ನುಂಗಿ ಮೂಗೂ ಹೋಯ್ತು. ನಿನಗೆ ಬರ್ತಿದೆಯಾ ವಾಸನೆ?"

"ಬರ್ತಿದೆ ಅಕ್ಕ. ಘಮ್ಮಂತಿದೆ."

ಅವಳು ಹೂವನ್ನು ಮೆಲ್ಲಗೆ ಬಿಟ್ಟಳು. "ಹಾಗಾದ್ರೆ ಗಿಡ ಸರಿಯಾಗಿದೆ. ನಾನೇ ಸರಿಯಿಲ್ಲ," ಎಂದು ಸೆರಗಿಗೆ ಕೈಯೊರೆಸಿಕೊಂಡಳು. ನಿಜ ಬಾಯಿಗೆ ಬಂದಿತ್ತು. ಬಸ್‌ಸ್ಟ್ಯಾಂಡಿನವರೆಗೂ ಬಾಯಲ್ಲೇ ಇತ್ತು. ಅರಸೀಕೆರೆಯ ಬಸ್ಸು ಹೊರಟಿತು.

ಅಕ್ಕ ಆಷಾಢದಲ್ಲಿ ತೀರಿಕೊಂಡಳು. ಅವಳ ಗಿಡ ಈಗ ಎದೆಯೆತ್ತರ ಬೆಳೆದಿದೆ. ವಾರಕ್ಕೆ ನಾಲ್ಕಾರು ಹೂ ಬಿಡುತ್ತದೆ.